ಅಡ್ಡೆಯ ಮುಂದಿನ ಹೆಗಲು

ಎಳನೀರು ಹಿಡಿದುಕೊಂಡು ನೋಡಲು ಬರುವವರನ್ನು ಕಂಡರೆ ಪುನೀತನಿಗೆ ಮೈಯೆಲ್ಲ ಉರಿಯುತ್ತಿತ್ತು. ತೆಂಗಿನ ತೋಟದ ನಡುವೆಯೇ ಮನೆ ಕಟ್ಟಿಕೊಂಡವರಿಗೆ ಎಳನೀರು ಹೊತ್ತು ತರುವ ಬುದ್ಧಿಗೆ ಏನನ್ನಬೇಕು? ತಂದವರು ಇಟ್ಟು ಹೋದರೂ ಆದೀತು. ಜಗಲಿಯ ಮೇಲೆ ಕಾಲು ಚಾಚಿ ಕೂತು, ಒಳಗೆ ಮಲಗಿರುವ ಅಕ್ಕನಿಗೆ ಚೆನ್ನಾಗಿ ಕೇಳುವಷ್ಟು ಮೆಲ್ಲಗೆ ಮಾತಾಡುವರು.

"ಊರೋರಿಗೆಲ್ಲ ಕ್ಯಾನ್ಸರ್ ವಾಸಿ ಮಾಡೋ ಡಾಕ್ಟ್ರಮ್ಮಂಗೇ ಹಿಂಗಾದ್ರೆ, ನಮ್ಮಂಥೋರ ಗತಿ ಏನವ್ವಾ ಹೊಂಬಾಳಮ್ಮ?"

"ನಿಮ್ ಗತಿ ನಾನ್ ಹೇಳ್ತೀನಿ, ಏಳಿ ಮೇಲೆ," ಎಂದು ಒಮ್ಮೆ ಪುನೀತ ಸುಲಿಯುತ್ತಿದ್ದ ಕಾಯಿ ಹಿಡಿದುಕೊಂಡೇ ಎದ್ದು ಬಂದಿದ್ದ. ಅವ್ವ ಹೊಂಬಾಳಮ್ಮ ಅಡ್ಡ ಬಂದಳು. "ಸುಮ್ಕಿರ್ಲಾ. ಮನೆ ಬಾಗ್ಲಿಗೆ ಬಂದೋರು." ಬಂದವರು ಹೋದ ಮೇಲೆ ಎಳನೀರನ್ನು ಹಸುವಿನ ಕಲಗಚ್ಚಿನ ಬಾನಿಗೆ ಸುರಿದದ್ದೂ ಅವಳೇ.

ಅಕ್ಕ ಎಂದರೆ ಡಾಕ್ಟರ್ ಆಶಾ. ಬಿಳಿಗೆರೆಯ ಶಾಲೆಯಲ್ಲಿ ಸ್ಲೇಟು ಹಿಡಿದ ಹುಡುಗಿ, ಈಗ ತುಮಕೂರಿನ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ವೈದ್ಯೆ. ಶನಿವಾರ ಮಾತ್ರ ತಿಪಟೂರಿನ ನರ್ಸಿಂಗ್ ಹೋಮೊಂದರಲ್ಲಿ ಕೂತು ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರೋಗಿಗಳನ್ನು ನೋಡುತ್ತಾಳೆ. ಐದು ವರ್ಷದ ಹಿಂದೆ ಅವಳ ಅಂಡಾಶಯದಲ್ಲೇ ಗಡ್ಡೆ ಸಿಕ್ಕಿತು. ಆಪರೇಷನ್ ಆಯಿತು, ಕೀಮೋ ಆಯಿತು, ಕೂದಲು ಉದುರಿ ಮತ್ತೆ ಬಂತು. ಎರಡು ವರ್ಷ ಚೆನ್ನಾಗಿದ್ದಳು. ಆಮೇಲೆ ಮರಳಿತು. ಮತ್ತೆ ಕೀಮೋ. ಈಗ ಮೂರನೇ ಸಲ. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಬಸುರಿಯ ಹಾಗೆ. ತುಮಕೂರಿನ ಕೆಲಸಕ್ಕೆ ರಜೆ ಹಾಕಿ ಊರಿಗೆ ಬಂದಿದ್ದಳು. ಆದರೂ ತಿಪಟೂರಿನ ಶನಿವಾರ ತಪ್ಪಿಸುತ್ತಿರಲಿಲ್ಲ. ಪುನೀತನ ಲಗೇಜ್ ಆಟೋದಲ್ಲಿ ಮುಂದೆ ಎರಡು ದಿಂಬು ಇಟ್ಟುಕೊಂಡು ಕೂತು ಹೋಗುತ್ತಿದ್ದಳು.

ಪುನೀತ ಅವಳಿಗಿಂತ ಹದಿಮೂರು ವರ್ಷ ಚಿಕ್ಕವನು. ಹತ್ತನೇ ಕ್ಲಾಸಿಗೇ ಓದಿಗೆ ಕೈಮುಗಿದು ಮನೆಗೆ ಬಂದವನು. ತೋಟ, ಕೊಬ್ಬರಿ, ಆಟೋ, ಇಷ್ಟೇ ಅವನ ಲೋಕ. ಇವುಗಳ ಮೇಲೆ ಇನ್ನೊಂದು ಹೊಣೆ ಅವನಿಗಿತ್ತು. ಅಪ್ಪ ತೀರಿಕೊಂಡ ಮೇಲೆ ಊರಮ್ಮ ಕರಿಯಮ್ಮನ ಅಡ್ಡೆಗೆ ಮುಂದಿನ ಹೆಗಲು ಅವನದೇ.

ಅಡ್ಡೆ ಎಂದರೆ ಎರಡು ಉದ್ದನೆಯ ಮರದ ದಂಡ, ನಡುವೆ ಪೀಠ, ಪೀಠದ ಮೇಲೆ ಅಮ್ಮ. ಮುಂದೊಬ್ಬ, ಹಿಂದೊಬ್ಬ ಹೊರಬೇಕು. ಮನೆ ಕಟ್ಟುವವರು, ಬೋರು ಕೊರೆಸುವವರು, ಹೆಣ್ಣು ನೋಡಿ ಬಂದವರು ಎದುರಿಗೆ ನಿಂತು ಕೇಳುತ್ತಾರೆ. ಅಡ್ಡೆ ಬಲಕ್ಕೆ ನಡೆದರೆ ಅಪ್ಪಣೆ, ಎಡಕ್ಕೆ ನಡೆದರೆ ಬೇಡ. ಎತ್ತಿದ ಮೇಲೆ ಕೇಳಿದ ಮಾತಿಗೆ ಉತ್ತರ ಆಗುವ ತನಕ ಅಡ್ಡೆ ನೆಲ ಮುಟ್ಟುವಂತಿಲ್ಲ.

ಯಾರು ತಳ್ಳುತ್ತಾರೆ ಎಂದು ಪೇಟೆಯವರು ನಗುತ್ತಾ ಕೇಳುವುದುಂಟು. ಪುನೀತ ಅಂಥವರ ಜೊತೆ ಮಾತಿಗೆ ಹೋಗುತ್ತಿರಲಿಲ್ಲ. ಅವನು ಒಂದು ದಿನವೂ ತಳ್ಳಿದವನಲ್ಲ. ಬೆಳಿಗ್ಗೆಯಿಂದ ಉಪವಾಸ ಇದ್ದು, ತಣ್ಣೀರು ಹುಯ್ದುಕೊಂಡು, ಒದ್ದೆ ಪಂಚೆಯಲ್ಲಿ ಹೆಗಲು ಕೊಟ್ಟ ಮೇಲೆ ಭಾರವೇ ಅವನನ್ನು ನಡೆಸುತ್ತಿತ್ತು. ಊರಿನಲ್ಲಿ ಅವನನ್ನು ಯಾರಾದರೂ ಮರ್ಯಾದೆಯಿಂದ ಕಾಣುತ್ತಿದ್ದರೆ ಆ ಒಂದು ಹೊತ್ತು.

ಅಕ್ಕನ ಹಿಂದಿನ ಎರಡೂ ಚಿಕಿತ್ಸೆಗೆ ಮೊದಲು ಅವ್ವ ಅಪ್ಪಣೆ ಕೇಳಿದ್ದಳು. ಎರಡು ಸಲವೂ ಅಮ್ಮ ಬಲಕ್ಕೆ ಬಂದಿದ್ದಳು. ಈಗಲೂ ಕೇಳಬೇಕು ಎಂದು ಅವ್ವ ಪಟ್ಟು ಹಿಡಿದಳು.

"ಅಮ್ಮ ಹೂಂ ಅಂದ್ರೆ ಬೆಂಗ್ಳೂರಿಗೆ ಹೋಗಿ ಅಲ್ಲಿನ ಡಾಕ್ಟ್ರು ಹೇಳಿರೋ ಹೊಸ ಔಷಧಿ ಹಾಕಿಸ್ಕಳ್ಳೋದು. ಬ್ಯಾಡ ಅಂದ್ರೆ ನಾನ್ ಬಾಯಿ ಮುಚ್ಕಂಡಿರ್ತೀನಿ," ಎಂದಳು. ಮಂಗಳವಾರ ಎಂದು ನಿಂತಿತು.

ಅದಕ್ಕೆ ಮೊದಲಿನ ಶನಿವಾರ ತಿಪಟೂರಿಗೆ ಹೋಗಿದ್ದರು. ಅಕ್ಕನಿಗೆ ಕುರ್ಚಿಯಿಂದ ಏಳಲು ಕಷ್ಟ ಎಂದು ಪುನೀತ ಕೋಣೆಯ ಬಾಗಿಲಲ್ಲೇ ನಿಂತಿದ್ದ. ದಬ್ಬೇಘಟ್ಟದ ಕಡೆಯಿಂದ ಕೊಲ್ಲಾಪುರಮ್ಮ ಎಂಬಾಕೆ ಬಂದಿದ್ದಳು. ಎದೆಯ ಗಡ್ಡೆಗೆ ಕೀಮೋ ನಡೆಯುತ್ತಿತ್ತು. ಇನ್ನು ಎರಡು ಉಳಿದಿರುವಾಗ ಸಾಕಪ್ಪಾ ಸಾಕು ಎಂದು ಮನೆ ಸೇರಿಕೊಂಡಿದ್ದವಳನ್ನು ಗಂಡ ಎಳೆದು ತಂದಿದ್ದ.

"ಬಾಯೆಲ್ಲ ಹುಣ್ಣು ಡಾಕ್ಟ್ರೇ. ಮುದ್ದೆ ನುಂಗಾಕಾಗಲ್ಲ. ಸತ್ರೆ ಸಾಯ್ತೀನಿ ಬುಡಿ."

"ಸಾಯೋದು ಅಷ್ಟು ಸಸಾರ ಅಂದ್ಕಂಡಿದೀಯಾ?" ಅಕ್ಕ ಮೇಜು ಬಡಿದಳು. "ಗಂಜಿ ಕುಡಿ. ಹುಣ್ಣಿಗೆ ಬರೆದುಕೊಡ್ತೀನಿ. ಆ ಎರಡು ಮುಗಿಸದೆ ಮನೇಲಿ ಕೂತ್ರೆ ನಾನೇ ದಬ್ಬೇಘಟ್ಟಕ್ಕೆ ಬಂದು ಎಳ್ಕೊಂಡು ಬತ್ತೀನಿ."

ಹೆಂಗಸು ಅಕ್ಕನ ಹೊಟ್ಟೆ ನೋಡಿದಳು. "ನಿಮಗೂ ಇದೇ ಅಂತಲ್ಲ ಡಾಕ್ಟ್ರೇ?"

"ಹೂಂ ಕಣಮ್ಮ. ಇದೆ."

"ಮತ್ತೆ ನೀವು?"

"ನಿಂದೇ ಬೇರೆ, ನಂದೇ ಬೇರೆ. ಸೋಮವಾರ ತುಮಕೂರಿಗೆ ಕೀಮೋಗೆ ಹೋಗ್ತೀಯೋ ಇಲ್ವೋ?"

ಹೋಗುತ್ತೇನೆ ಎಂದ ಮೇಲೇ ಅಕ್ಕ ಅವಳ ಕೈ ಬಿಟ್ಟದ್ದು. ನೋಡಿ ಪುನೀತನ ಎದೆ ಉಬ್ಬಿತು. ಹಿಂಗಿರಬೇಕು, ಇದು ನಮ್ಮಕ್ಕ ಎಂದುಕೊಂಡ. ಆ ಉಬ್ಬು ಬಿಳಿಗೆರೆ ಗೇಟು ದಾಟುವ ತನಕವೂ ಉಳಿಯಲಿಲ್ಲ.

"ಇಲ್ಲೇ ಒಸಿ ನಿಲ್ಲಿಸೋ," ಎಂದಳು ಅಕ್ಕ.

ಅವರ ತೋಟದ ಅಂಚು. ಆಟೋ ನಿಲ್ಲಿಸಿದ. ಅವಳು ಇಳಿಯಲಿಲ್ಲ. ಎದುರಿನ ಗಾಜನ್ನೇ ನೋಡುತ್ತಾ ಹೇಳಿದಳು.

"ಮಂಗಳವಾರ ಎಡಕ್ಕೆ ಹೋಗಬೇಕು ಪುನಿ."

"ಏನು?"

"ಅಡ್ಡೆ. ಎಡಕ್ಕೆ ಹೋಗಲಿ. ನಂಗೆ ಇನ್ನು ಔಷಧಿ ಬೇಡ. ಅವ್ವ ನನ್ ಮಾತು ಕೇಳಲ್ಲ. ಅಮ್ಮನ ಮಾತಾದ್ರೆ ಕೇಳ್ತಾಳೆ. ಆಮೇಲೂ ನನ್ ಮಗಳನ್ನ ನಾನೇ ಕೈಬಿಟ್ಟೆ ಅಂತ ಕೊರಗಲ್ಲ. ಮುಂದಿನ ಹೆಗಲು ನಿಂದು. ಒಂದು ಹೆಜ್ಜೆ ಸಾಕು."

ಪುನೀತನಿಗೆ ಯಾವುದಕ್ಕೆ ಮೊದಲು ರೇಗಬೇಕೋ ತಿಳಿಯಲಿಲ್ಲ.

"ನಾಟ್ಕ ಅಂದ್ಕಂಡಿದೀಯೇನಕ್ಕ? ಇಷ್ಟು ವರ್ಷ ನಾನು ಅಲ್ಲಿ ವೇಷ ಕಟ್ತಾ ಇದ್ದೆ ಅಂತಾನಾ? ನಿಂಗೆ ದೇವ್ರಿಲ್ಲ, ಸರಿ. ನಂಗವ್ಳೆ."

"ಹಂಗಲ್ವೋ..."

"ಹಂಗೇ! ಅರ್ಧ ಗಂಟೆ ಹಿಂದೆ ಆ ಹೆಂಗಸಿಗೆ ಮೇಜು ಗುದ್ದಿ ಹೇಳ್ದೆ. ಊರಿಗೆಲ್ಲ ಬುದ್ಧಿ ಹೇಳಿ ನೀನು ಹಿಂದ್ಲ ಬಾಗ್ಲಲ್ಲಿ ಓಡೋಗ್ತೀಯಾ? ಹೇಡಿ ನೀನು."

ಅಕ್ಕ ಕೋಪಿಸಿಕೊಳ್ಳಲಿಲ್ಲ. ಅದಕ್ಕೂ ಅವನಿಗೆ ಸಿಟ್ಟು ಬಂತು.

"ಹತ್ತು ಜನಕ್ಕೆ ಕೊಟ್ರೆ ಒಬ್ಬರಿಗೆ ಹಿಡಿಯೋ ಔಷಧಿ ಅದು," ಎಂದಳು. "ಹಿಡಿದ್ರೂ ಸ್ವಲ್ಪ ದಿನ. ಆ ದಿನ ಎಲ್ಲ ಬೆಂಗಳೂರಿನ ವಾರ್ಡಲ್ಲಿ ವಾಂತಿ ಮಾಡ್ಕೊಂಡೇ ಮುಗಿಯುತ್ತೆ."

"ಆ ಒಬ್ಬಳು ನೀನೇ ಯಾಕಾಗಬಾರ್ದು?"

"ಎಲ್ಲರ ಮನೆಯೋರೂ ಇದನ್ನೇ ಕೇಳ್ತಾರೆ," ಎಂದು ಅಕ್ಕ ಕಣ್ಣು ಮುಚ್ಚಿಕೊಂಡಳು.

ಅವನು ಗೇರು ಹಾಕಿದ.

ಭಾನುವಾರ ಪುನೀತ ಅಟ್ಟ ಹತ್ತಿ ಕಾಯಿ ಇಳಿಸಿದ. ವರ್ಷದಿಂದ ಕತ್ತಲಲ್ಲಿ ಒಣಗಿದ ಕಾಯಿಗಳು. ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಲೊಡಲೊಡ ಎನ್ನುತ್ತಿತ್ತು. ಒಂದೊಂದನ್ನೂ ಕಿವಿಗೆ ಹಿಡಿದು, ಆದದ್ದನ್ನು ಕೆಳಗೆ ಎಸೆದ. ಎಸೆಯುತ್ತಲೇ ಯೋಚಿಸಿದ. ಒಂದು ಹೆಜ್ಜೆ ಸಾಕು ಎಂದಿದ್ದಳಲ್ಲ. ಸರಿ. ಒಂದು ಹೆಜ್ಜೆ ಹಾಕಿದರಾಯಿತು, ಆದರೆ ಬಲಕ್ಕೆ. ಅವಳು ದೇವರನ್ನು ಅಷ್ಟು ಹಗುರ ಮಾಡಿದಳು ಎಂದರೆ, ಅದೇ ದೇವರ ಹೆಸರಲ್ಲಿ ಅವಳನ್ನು ಎತ್ತಿ ಬೆಂಗಳೂರಿಗೆ ಹಾಕುವುದು. ಊರೆಲ್ಲ ನೋಡುತ್ತಿರುವಾಗ ಅಪ್ಪಣೆಯಾದರೆ ಅವ್ವ ಬಿಡುತ್ತಾಳೆಯೇ? ಕೈಕಾಲು ಕಟ್ಟಿಯಾದರೂ ಕಳಿಸುತ್ತಾಳೆ. ತಪ್ಪಾದರೆ ಅಮ್ಮ ಅವನ ಕಾಲು ಮುರಿಯಲಿ, ಕಣ್ಣು ಕೀಳಲಿ. ಅಕ್ಕ ಉಳಿದರೆ ಕುರುಡನಾಗಿಯೂ ಕಾಯಿ ಸುಲಿದಾನು.

ಹಾಗೆಂದು ತೀರ್ಮಾನ ಮಾಡಿದ ಮೇಲೂ ಕೈಯಲ್ಲಿದ್ದ ಕಾಯಿಯನ್ನೇ ಮತ್ತೆ ಮತ್ತೆ ಕಿವಿಗೆ ಹಿಡಿಯುತ್ತಿದ್ದ. ಯಾಕೆಂದರೆ ಅವನು ಒಂದು ದಿನವೂ ತಳ್ಳಿದವನಲ್ಲ.

ಮಂಗಳವಾರ ಬೆಳಿಗ್ಗೆ ಗುಡಿಯ ಮುಂದೆ ಜನ ಸೇರಿತು. ಎಳನೀರಿನವರೆಲ್ಲ ಬಂದಿದ್ದರು. ಡಾಕ್ಟರಮ್ಮನ ಅಪ್ಪಣೆ ಎಂದರೆ ಸಾಮಾನ್ಯವೇ? ತಮಟೆಯವರು ಬೆಂಕಿ ಹಾಕಿ ಚರ್ಮ ಕಾಯಿಸುತ್ತಿದ್ದರು. ಪೂಜಾರಿ ಹುಚ್ಚಣ್ಣ ಅಮ್ಮನಿಗೆ ಕಣಗಿಲೆ ಹೂವು ಏರಿಸಿ ಬೇವಿನ ಸೊಪ್ಪು ಸಿಕ್ಕಿಸಿದ. ಅಕ್ಕ ಗುಡಿಯ ಕಟ್ಟೆಗೆ ಒರಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಪುನೀತನನ್ನು ನೋಡಿದಳು. ಪುನೀತ ನೋಡಲಿಲ್ಲ.

ಹಿಂದಿನ ಹೆಗಲು ದಯಾನಂದನದು. ಪಕ್ಕದ ತೋಟದವನು, ಚಡ್ಡಿ ಹಾಕುವ ಕಾಲದಿಂದ ಜೊತೆ. ಅವನ ತಾಯಿಯ ಗಂಟಲಿನ ಕ್ಯಾನ್ಸರನ್ನು ಅಕ್ಕನೇ ವಾಸಿ ಮಾಡಿದ್ದಳು. ಆ ಮುದುಕಿ ಇವತ್ತು ಮುಂದಿನ ಸಾಲಿನಲ್ಲೇ ನಿಂತಿದ್ದಳು.

"ಏನ್ಲಾ, ಮುಖ ಹಿಂಗೈತೆ?" ಎಂದ ಪುನೀತ. ದಯಾನಂದ ಬೆವರುತ್ತಿದ್ದ.

"ಏನಿಲ್ಲ ಕಣ್ಲಾ. ಉಪವಾಸ."

ಎತ್ತಿದರು. ದಂಡ ಹೆಗಲಿಗೆ ಕೂತಿತು. ತಮಟೆ ಏರಿತು. ಅವ್ವ ಎದುರಿಗೆ ಬಂದು ಸೆರಗೊಡ್ಡಿದಳು.

"ತಾಯಿ, ಎಲ್ಡು ಸಲ ನೀನು ಹೂಂ ಅಂದೆ, ನನ್ ಮಗಳು ಎದ್ದು ಕೂತ್ಲು. ಈಗ ಮೂರ್ನೇ ಸಲ ಕೇಳ್ತಾ ಇವ್ನಿ. ಔಷಧಿ ಹಾಕಿಸ್ಬೋದಾ? ಬಲಕ್ ಬಾ ತಾಯಿ. ಬ್ಯಾಡಾ ಅಂದ್ರೆ ಎಡಕ್ಕೋಗು. ನಿನ್ ಮಾತು ಮೀರಲ್ಲ."

ಅಡ್ಡೆ ಮುಂದಕ್ಕೆ ತೂಗಿತು, ಹಿಂದಕ್ಕೆ ಬಂತು. ಪುನೀತ ಕಾದ. ಅಮ್ಮನೇ ಬಲಕ್ಕೆ ಬಂದುಬಿಟ್ಟರೆ ಪಾಪದ ಕೆಲಸವೇ ಇಲ್ಲವಲ್ಲ ಎಂದು ಒಂದು ಗಳಿಗೆ ಆಸೆಪಟ್ಟ. ಭಾರ ಸುಮ್ಮನೆ ಭಾರವಾಗಿತ್ತು. ಎತ್ತಲೂ ಎಳೆಯಲಿಲ್ಲ. ಇಷ್ಟು ವರ್ಷದಲ್ಲಿ ಹೀಗಾಗಿದ್ದೇ ಇಲ್ಲ. ಅವನು ಹಲ್ಲು ಕಚ್ಚಿ ಬಲಗಾಲು ಕಿತ್ತು ಬಲಕ್ಕಿಟ್ಟ.

ದಂಡ ಬರಲಿಲ್ಲ.

ಮತ್ತೆ ಒತ್ತಿದ. ಹಿಂದಿನಿಂದ ಯಾರೋ ಎಡಕ್ಕೆ ಎಳೆಯುತ್ತಿದ್ದರು. ಮುಂಭಾಗ ಬಲಕ್ಕೆ ಬಂತು, ಹಿಂಭಾಗ ಎಡಕ್ಕೆ ಹೋಯಿತು, ಅಡ್ಡೆ ನಿಂತಲ್ಲೇ ಗಾಣದ ಹಾಗೆ ತಿರುಗಿತು. ಜನ ಹೋ ಎಂದು ಹಿಂದೆ ಸರಿದರು. "ಅಮ್ಮ ಉಗ್ರ ಆದ್ಲು!" ಎಂದು ಒಬ್ಬಳು ಕಿರುಚಿ ಕೈಮುಗಿದಳು. ತಮಟೆಯವರಿಗೆ ಹುರುಪು ಬಂದು ಇನ್ನೂ ಜೋರಾಗಿ ಬಡಿದರು.

ತಿರುವಿನಲ್ಲಿ ದಯಾನಂದನ ಏದುಸಿರು ಕಿವಿಗೆ ಬಿತ್ತು. "ಬುಡ್ಲಾ ಪುನೀತ... ಅಕ್ಕ ಹೇಳವ್ಳೆ... ಎಡಕ್ಕೆ ಬಾರ್ಲಾ..."

ಪುನೀತನ ತಲೆಗೆ ರಕ್ತ ಏರಿತು. ತಾನು ಒಪ್ಪಲಿಲ್ಲ ಎಂದು ಅಕ್ಕ ಹಿಂದಿನ ಹೆಗಲನ್ನು ಹಿಡಿದಿದ್ದಾಳೆ! ತಾಯಿಯ ಜೀವ ಉಳಿಸಿಕೊಟ್ಟವಳು ಕೇಳಿದರೆ ದಯಾನಂದ ಇಲ್ಲ ಎಂದಾನೆಯೇ? ಅಡ್ಡೆ ಎಂಬುದನ್ನು ಮರೆತು, ದೇವರನ್ನು ಮರೆತು, ಗದ್ದೆಯಲ್ಲಿ ಹಗ್ಗ ಜಗ್ಗುವವನ ಹಾಗೆ ಬಲಕ್ಕೆ ಬಿದ್ದ. ದಂಡ ಹೆಗಲಿನ ಚರ್ಮ ಸುಲಿಯಿತು. ಹಿಂದೆ ದಯಾನಂದ ಅಳುತ್ತಲೇ ಎಡಕ್ಕೆ ಎಳೆದ. ಪೀಠದ ಮೇಲಿನ ಕಣಗಿಲೆ ದಂಡೆ ಕಳಚಿ ಮಣ್ಣಿಗೆ ಬಿತ್ತು. ಅಮ್ಮ ಒಂದು ಪಕ್ಕಕ್ಕೆ ವಾಲಿದಳು.

"ನಿಲ್ಸ್ರಲಾ!"

ಅವ್ವ. ಅಷ್ಟು ದೊಡ್ಡ ದನಿ ಅವಳಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ತಮಟೆ ನಿಂತಿತು.

ಅವ್ವ ನೇರ ಬಂದು ದಂಡ ಹಿಡಿದಳು. "ಅಮ್ಮ ನಡೆಯೋದು ನಂಗೆ ಗೊತ್ತಿಲ್ವಾ? ಇದು ಅಮ್ಮ ಅಲ್ಲ. ಇವ್ನು ಅಂಬೆಗಾಲಿಕ್ಕಿದ್ದು ನನ್ ಅಂಗಳದಾಗೆ. ಇದು ಇವ್ನ ಹೆಜ್ಜೆ. ಯಾಕ್ಲಾ? ಯಾಕೆ ತಳ್ತಾ ಇದೀಯ?"

ಪುನೀತ ತಲೆ ತಗ್ಗಿಸಿ ಮಣ್ಣಿಗೆ ಬಿದ್ದ ಕಣಗಿಲೆಯನ್ನು ನೋಡಿದ.

"ಅವನನ್ನ ಬೈಬೇಡವ್ವ," ಎಂದಳು ಅಕ್ಕ ಕುರ್ಚಿಯಿಂದ. "ನಾನೇ ಹೇಳಿದ್ದು. ಎಡಕ್ಕೆ ಹೋಗು ಅಂತ ಇವನಿಗೆ ಹೇಳ್ದೆ, ಒಪ್ಪಲಿಲ್ಲ. ಅದಕ್ಕೆ ದಯಾನಂದನ್ನ ಕೇಳ್ದೆ."

ಪೂಜಾರಿ ಹುಚ್ಚಣ್ಣ ಕೈಯಲ್ಲಿದ್ದ ಗಂಟೆಯನ್ನು ಅಲ್ಲಾಡದಂತೆ ಮುಚ್ಚಿ ಹಿಡಿದುಕೊಂಡ. ಅವ್ವ ನಿಧಾನಕ್ಕೆ ಅಕ್ಕನ ಕಡೆ ತಿರುಗಿದಳು.

"ದೇವ್ರ ಕೈಲಿ ಸುಳ್ ಹೇಳಿಸ್ಬೇಕಿತ್ತಾ ಮಗ? ನಿನ್ ತಾವ ಬರೋರಿಗೆಲ್ಲ ಬಾಯ್ಬಿಟ್ಟು ಹೇಳ್ತೀಯಂತೆ. ನಂಗೆ ಹೇಳಾಕೆ ಬಾಯಿರ್ಲಿಲ್ವಾ?"

"ಇರ್ಲಿಲ್ಲ ಅವ್ವ."

"ಈಗೇಳು. ಅಮ್ಮನೂ ಕೇಳುಸ್ಕಳ್ಳಿ."

ಹುಚ್ಚಣ್ಣ ಮೆಲ್ಲಗೆ, "ಹೊಂಬಾಳಮ್ಮ, ಉತ್ತರ ಆಗದೆ ಅಡ್ಡೆ ಇಳಿಸಂಗಿಲ್ಲ," ಎಂದ.

"ಯಾರ್ ಇಳಿಸಿ ಅಂದ್ರು? ಹೊತ್ಕಂಡೇ ಕೇಳ್ಲಿ."

ಪುನೀತನ ಸುಲಿದ ಹೆಗಲಿನಿಂದ ಏನೋ ಎದೆಗೆ ಇಳಿಯುತ್ತಿತ್ತು. ಅಕ್ಕ ಮಾತು ಶುರು ಮಾಡಿದಳು. "ಅವ್ವ, ಈಗಿರೋ ಚಿಕಿತ್ಸೆಗಳು..." ಎಂದು ಆಸ್ಪತ್ರೆಯ ಕನ್ನಡದಲ್ಲಿ ಹೊರಟು ಅಲ್ಲೇ ನಿಂತಳು. ಮೂಗು ಒರೆಸಿಕೊಂಡಳು. ಮತ್ತೆ ಬಾಯಿ ತೆರೆದಾಗ ಬಂದದ್ದು ಅಡುಗೆಮನೆಯ ಮಾತು.

"ಇದು ಹೋಗಲ್ಲ ಕಣವ್ವ. ಹೊಟ್ಟೆಯೆಲ್ಲ ಐತೆ. ಈಲಿಗೂ ಬಂದೈತೆ. ಆ ಔಷಧಿ ಹಾಕಿಸ್ಕಂಡ್ರೆ ಆಸ್ಪತ್ರೇಲಿ ಸಾಯ್ತೀನಿ. ಇಲ್ದಿದ್ರೆ ಮನೇಲಿ."

ಅವ್ವ ದಂಡ ಬಿಟ್ಟು ಕುರ್ಚಿಯ ಕಡೆ ಒಂದು ಹೆಜ್ಜೆ ಇಟ್ಟಳು.

"ಸುಳ್ಳು!" ಪುನೀತ ದಂಡದ ಕೆಳಗಿನಿಂದಲೇ ಕೂಗಿದ. "ಮೊನ್ನೆ ಆ ಕೊಲ್ಲಾಪುರಮ್ಮಂಗೆ ಬೈದ್ಯಲ್ಲಾ! ನಿಲ್ಸಬ್ಯಾಡ ಅಂತ ಮೇಜು ಗುದ್ದಿದ್ಯಲ್ಲಾ!"

"ಅವಳಿಗೆ ವಾಸಿ ಆಗುತ್ತೆ ಕಣೋ!" ಅಕ್ಕನೂ ಕೂಗಿದಳು. ಕಾಯಿಲೆ ಬಂದಾಗಿನಿಂದ ಅವಳು ಮನೆಯವರ ಮೇಲೆ ದನಿ ಎತ್ತಿದ್ದು ಅದೇ ಮೊದಲು. "ಅದಕ್ಕೇ ಬೈದೆ! ನಂಗೂ ಆಗಂಗಿದ್ದಿದ್ರೆ ನಿನ್ ಹೆಗಲ ಮೇಲೆ ಕೂತ್ಕಂಡಾದ್ರೂ ಹೋಗ್ತಿದ್ದೆ. ನಂಗೇನು ಬದುಕೋ ಆಸೆ ಇಲ್ಲ ಅಂದ್ಕಂಡ್ಯಾ? ಎರಡು ಸಲ ಆ ವಿಷ ಏರಿಸ್ಕಂಡಿದೀನಿ ಕಣೋ, ಹೇಡಿ ಅಲ್ಲ ನಾನು."

ಕೂಗಿದ್ದಕ್ಕೆ ಉಸಿರು ಸಿಕ್ಕಿಕೊಂಡು ಕೆಮ್ಮಿದಳು. ಯಾರೋ ನೀರು ಕೊಡಲು ಹೋದರೆ ಕೈ ಅಡ್ಡ ಮಾಡಿದಳು. ದಯಾನಂದನ ತಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಅವ್ವ ಕೇಳಿದಳು, "ನೋವು ಬಂದ್ರೆ?"

"ಅದಕ್ಕೆ ಔಷಧಿ ಐತೆ. ನಂಗೆ ಗೊತ್ತು. ಪುನೀತಂಗೂ ಹೇಳ್ಕೊಡ್ತೀನಿ."

"ಹೊಟ್ಟೆ ನೀರು?"

"ತೆಗೆಸ್ಕಂಡ್ರೆ ಒಸಿ ಹಗುರ ಆಗುತ್ತೆ. ತಿಪಟೂರಲ್ಲೇ ಆಗುತ್ತೆ."

"ಎಷ್ಟು ದಿನ ಅಂತ ಕೇಳಬೋದಾ?"

"ಕೇಳಬೇಡವ್ವ. ನಾನು ಯಾರಿಗೂ ಸರಿಯಾಗಿ ಹೇಳಿದ್ದಿಲ್ಲ, ಎಲ್ಲಾ ಸಲ ತಪ್ಪಾಗಿದೆ."

ಅವ್ವ ತಲೆದೂಗಿದಳು. ಬಹಳ ಹೊತ್ತು ತಲೆದೂಗುತ್ತಲೇ ಇದ್ದಳು, ಒಲೆಯ ಮುಂದೆ ಕೂತು ಲೆಕ್ಕ ಹಾಕುವವಳ ಹಾಗೆ. ಆಮೇಲೆ ಹುಚ್ಚಣ್ಣನಿಗೆ, "ಮಂಗಳಾರತಿ ಎತ್ತಪ್ಪ. ನಂಗೆ ಉತ್ತರ ಆಯ್ತು," ಎಂದಳು.

ಗಂಟೆ ಬಡಿಯಿತು. ಕರ್ಪೂರ ಉರಿದು ಆರಿತು. ಇನ್ನು ಇಳಿಸಬೇಕು. ಅಡ್ಡೆ ಇಳಿಸುವಾಗ ಮುಂದಿನ ಹೆಗಲು ಮೊದಲು ಮಂಡಿ ಊರಬೇಕು, ಆಮೇಲೆ ಹಿಂದಿನದು. ಪುನೀತ ಊರಲಿಲ್ಲ.

"ಇಳಿಸಪ್ಪ," ಎಂದ ಹುಚ್ಚಣ್ಣ.

"ಲೇ, ಕೂರ್ಲಾ. ಕೈ ಸೋಲ್ತಾ ಐತೆ," ಎಂದ ದಯಾನಂದ ಹಿಂದಿನಿಂದ.

ಪುನೀತ ನೆಟ್ಟಗೆ ನಿಂತ. ಮಂಡಿ ಊರಿದರೆ ಮುಗಿಯಿತು. ಅಪ್ಪಣೆ ಅಲ್ಲಿಗೆ ಮುಗಿಯುತ್ತದೆ, ಬೆಂಗಳೂರು ಮುಗಿಯುತ್ತದೆ. ನಿಂತಿರುವಷ್ಟು ಹೊತ್ತು ಏನೂ ಮುಗಿದಿಲ್ಲ. ಬೇಕಾದರೆ ಸಂಜೆ ತನಕ ನಿಲ್ಲುತ್ತೇನೆ, ನಾಳೆ ತನಕ ನಿಲ್ಲುತ್ತೇನೆ, ಯಾವನು ಇಳಿಸುತ್ತಾನೋ ನೋಡುತ್ತೇನೆ. ಹೆಗಲಿನಿಂದ ಸೊಂಟಕ್ಕೆ, ಸೊಂಟದಿಂದ ಮೀನಖಂಡಕ್ಕೆ ಬೆಂಕಿ ಹರಿಯುತ್ತಿತ್ತು.

"ಪುನಿ," ಎಂದಳು ಅಕ್ಕ.

ಅವನು ಅವಳ ಕಡೆ ನೋಡದೆ ಇರಲು ಅವ್ವನ ಕಡೆ ನೋಡಿದ. ಅವ್ವ ಆಗಲೇ ಅಕ್ಕನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ಮಗಳ ಊದಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಒತ್ತಿದಲ್ಲಿ ಗುಳಿ ಬಿದ್ದು ಹಾಗೆಯೇ ಉಳಿಯುತ್ತಿತ್ತು.

"ಬೆಳಿಗ್ಗೆಯಿಂದ ಏನ್ ತಿಂದೆ?" ಎಂದು ಕೇಳುತ್ತಿದ್ದಳು.

"ಏನೂ ಇಲ್ಲವ್ವ."

"ನಿನ್ ತಮ್ಮಂದು ಉಪವಾಸ ಸರಿ. ನಿಂದ್ಯಾಕೆ? ಗಂಜಿ ಮಾಡ್ಲಾ? ಒಸಿ ಮಜ್ಜಿಗೆ ಹಾಕಿ?"

"ಹೂಂ. ಉಪ್ಪು ಕಮ್ಮಿ."

ಪುನೀತ ಅದನ್ನೇ ನೋಡುತ್ತಾ ನಿಂತ. ಕಣ್ಣಿಗೆ ಬೆವರು ಇಳಿದು ಎಲ್ಲ ಮಬ್ಬಾಯಿತು. ಒರೆಸಿಕೊಳ್ಳೋಣ ಎಂದರೆ ಕೈ ಎರಡೂ ದಂಡದ ಮೇಲೆ. ಎಡ ಮಂಡಿಯನ್ನು ಒಂದಿಷ್ಟು ಬಗ್ಗಿಸಿದ. ಹಿಂದೆ ದಯಾನಂದ ಅವಸರದಲ್ಲಿ ತಾನೂ ಕುಸಿಯಹೋದ. ಅಮ್ಮ ಮತ್ತೆ ವಾಲಿದಳು.

"ತಾಳ್ಲಾ!" ಎಂದು ಪುನೀತ ರೇಗಿದ. "ಅಮ್ಮನ್ನ ಬೀಳುಸ್ಬಿಟ್ಟೀಯ. ನಿಧಾನ. ನಾನು ಮೊದ್ಲು ಕೂರ್ತೀನಿ."